ಬಾವಿಯ ಆಳದ ಲೆಕ್ಕ (ಭೌತಶಾಸ್ತ್ರ)

ಬಾವಿಯ ಆಳದ ಲೆಕ್ಕ ಎಂಬುದು ಎತ್ತರದಿಂದ ಬಿಟ್ಟ ವಸ್ತುವಿನ ಮುಕ್ತ ಪತನವನ್ನೂ, ಅದು ತಳವನ್ನು ಮುಟ್ಟಿದಾಗ ಹುಟ್ಟಿದ ಶಬ್ದವು ಕೇಳುಗನನ್ನು ತಲುಪಲು ತೆಗೆದುಕೊಳ್ಳುವ ಕಾಲವನ್ನೂ ಒಟ್ಟಿಗೆ ಪರಿಗಣಿಸಿ ದೂರವನ್ನು ಕಂಡುಹಿಡಿಯುವ ಒಂದು ಪ್ರಸಿದ್ಧ ಭೌತಶಾಸ್ತ್ರ ಸಮಸ್ಯೆಯಾಗಿದೆ. ಬಾವಿಯ ದಂಡೆಯಲ್ಲಿ ನಿಂತವನು ಕಲ್ಲನ್ನು ಬಿಟ್ಟ ಕ್ಷಣದಿಂದ ನೀರಿನ ಸದ್ದು ಕೇಳಿದ ಕ್ಷಣದವರೆಗೆ ಅಳೆಯುವ ಕಾಲದಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಕಲ್ಲು ಕೆಳಗಿಳಿಯುವ ಕಾಲ, ಎರಡನೆಯದು ಸದ್ದು ಮೇಲೇರುವ ಕಾಲ. ಗಡಿಯಾರವು ಈ ಎರಡನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಅವನ್ನು ಬೇರ್ಪಡಿಸುವುದೇ ಈ ಲೆಕ್ಕದ ತಿರುಳು. ಇಡೀ ಕಾಲವನ್ನು ಕಲ್ಲು ಬಿದ್ದ ಕಾಲವೆಂದೇ ಭಾವಿಸಿದರೆ ಬಾವಿಯು ಇರುವುದಕ್ಕಿಂತ ಹೆಚ್ಚು ಆಳವಾಗಿ ಕಾಣುತ್ತದೆ.

ಪ್ರೌಢಶಾಲೆ ಹಾಗೂ ಪದವಿಪೂರ್ವ ಹಂತದ ಪಠ್ಯಗಳಲ್ಲಿ ಈ ಬಗೆಯ ಲೆಕ್ಕಗಳು ಚಲನೆ, ಗುರುತ್ವ ಮತ್ತು ಶಬ್ದ ಎಂಬ ಮೂರು ಪಾಠಗಳನ್ನು ಬೆಸೆಯುತ್ತವೆ. ಎನ್‌ಸಿಇಆರ್‌ಟಿ ಪ್ರಕಟಿಸಿ ದೀರ್ಘಕಾಲ ಬಳಕೆಯಲ್ಲಿದ್ದ ಒಂಬತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ 500 ಮೀಟರ್ ಎತ್ತರದ ಗೋಪುರದಿಂದ ಕೊಳಕ್ಕೆ ಬಿಟ್ಟ ಕಲ್ಲಿನ ಸದ್ದು ಯಾವಾಗ ಕೇಳುತ್ತದೆ ಎಂಬ ಪ್ರಶ್ನೆಯಿದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಂತೆ ತೆರೆದ ಬಾವಿಗಳೂ ಕೊಳವೆಬಾವಿಗಳೂ ಇರುವ ಪ್ರದೇಶಗಳಲ್ಲಿ ಈ ಲೆಕ್ಕಕ್ಕೆ ಪಠ್ಯದಾಚೆಗಿನ ಅನ್ವಯವೂ ಮಿತಿಯೂ ಇವೆ.

ಮೂಲ ತತ್ವಗಳು

ಗುರುತ್ವಬಲವೊಂದರ ಪ್ರಭಾವದಲ್ಲಿಯೇ ವಸ್ತುವು ಬೀಳುವುದನ್ನು ಮುಕ್ತ ಪತನ ಅಥವಾ ಸ್ವತಂತ್ರ ಪತನ ಎನ್ನುತ್ತಾರೆ. ಹೀಗೆ ಬೀಳುವ ವಸ್ತುವಿನ ವೇಗವು ಪ್ರತಿ ಸೆಕೆಂಡಿಗೆ ಸುಮಾರು 9.8 ಮೀಟರ್/ಸೆಕೆಂಡಿನಷ್ಟು ಹೆಚ್ಚುತ್ತದೆ. ಇದನ್ನು ಗುರುತ್ವ ವೇಗೋತ್ಕರ್ಷ ಎಂದು ಕರೆಯಲಾಗುತ್ತದೆ. ವಿಶ್ರಾಂತ ಸ್ಥಿತಿಯಿಂದ ಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್, ಎರಡು ಸೆಕೆಂಡುಗಳಲ್ಲಿ ಒಟ್ಟು 19.6 ಮೀಟರ್, ಮೂರು ಸೆಕೆಂಡುಗಳಲ್ಲಿ ಒಟ್ಟು 44.1 ಮೀಟರ್ ಇಳಿಯುತ್ತದೆ. ಅಂದರೆ ಬಿದ್ದ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ.

ಶಬ್ದದ ನಡೆ ಇದಕ್ಕಿಂತ ಭಿನ್ನವಾದುದು. ಶಬ್ದವು ಗಾಳಿಯಲ್ಲಿ ಹರಡುವ ಒತ್ತಡದ ಅಲೆ. ಮೇಲಕ್ಕೆಸೆದ ಕಲ್ಲಿನಂತೆ ಅದು ಏರುವಾಗ ವೇಗವನ್ನು ಕಳೆದುಕೊಳ್ಳುವುದಿಲ್ಲ. ಗಾಳಿಯ ಉಷ್ಣತೆ ಒಂದೇ ಆಗಿದ್ದರೆ ಅದರ ವೇಗವೂ (ಪಠ್ಯಪುಸ್ತಕಗಳಲ್ಲಿ 'ಜವ') ಒಂದೇ ಆಗಿರುತ್ತದೆ. ಒಣ ಗಾಳಿಯಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 331 ಮೀಟರ್. ಉಷ್ಣತೆಯ ಪ್ರತಿ ಡಿಗ್ರಿ ಏರಿಕೆಗೆ ಇದು ಸುಮಾರು 0.6 ಮೀಟರ್/ಸೆಕೆಂಡಿನಷ್ಟು ಹೆಚ್ಚುತ್ತದೆ. 25 ಡಿಗ್ರಿಯಲ್ಲಿ ಸುಮಾರು 346 ಮೀಟರ್/ಸೆಕೆಂಡ್, 40 ಡಿಗ್ರಿಯಲ್ಲಿ ಸುಮಾರು 355 ಮೀಟರ್/ಸೆಕೆಂಡ್ ಆಗುತ್ತದೆ.

ಆದ್ದರಿಂದ ಒಂದೇ ದೂರವನ್ನು ಎರಡು ಬೇರೆ ನಿಯಮಗಳ ಪ್ರಕಾರ ಕ್ರಮಿಸಲಾಗುತ್ತದೆ. ಇಳಿಯುವಾಗ ವೇಗ ಬದಲಾಗುತ್ತದೆ, ಏರುವಾಗ ಬದಲಾಗುವುದಿಲ್ಲ. ಎರಡೂ ಪ್ರಯಾಣಗಳಿಗೆ ದೂರ ಸಮಾನ ಎಂಬ ಸಂಗತಿಯೇ ಸಮೀಕರಣಕ್ಕೆ ಆಧಾರವಾಗುತ್ತದೆ.

ಸಮೀಕರಣದ ರಚನೆ

ಕೆಳಗಿನ ಸಂಕೇತಗಳನ್ನು ಬಳಸಲಾಗಿದೆ:

- ಆ: ದಂಡೆಯಿಂದ ನೀರಿನ ಮಟ್ಟದವರೆಗಿನ ಆಳ (ಮೀಟರ್)
- ಗ: ಗುರುತ್ವ ವೇಗೋತ್ಕರ್ಷ (9.8 ಮೀಟರ್/ಸೆಕೆಂಡ್²)
- ಶ: ಗಾಳಿಯಲ್ಲಿ ಶಬ್ದದ ವೇಗ (ಮೀಟರ್/ಸೆಕೆಂಡ್)
- ಕ: ಅಳೆದ ಒಟ್ಟು ಕಾಲ (ಸೆಕೆಂಡ್)
- ಕ₁: ಕಲ್ಲು ಬೀಳುವ ಕಾಲ
- ಕ₂: ಸದ್ದು ಮೇಲೇರುವ ಕಾಲ

ಇವುಗಳ ನಡುವಿನ ಸಂಬಂಧಗಳು ಮೂರು:

ಕ = ಕ₁ + ಕ₂
ಆ = ½ × ಗ × ಕ₁²
ಆ = ಶ × ಕ₂

ಆಳ ತಿಳಿದಿದ್ದು ಕಾಲವನ್ನು ಕೇಳಿದಾಗ ಲೆಕ್ಕ ಸರಳವಾಗಿರುತ್ತದೆ. ಎರಡು ಕಾಲಗಳನ್ನು ಬೇರೆಬೇರೆಯಾಗಿ ಕಂಡುಹಿಡಿದು ಕೂಡಿಸಿದರೆ ಸಾಕು. ರಾಯಬಾಗಕ್ಕೆ ನೆರೆಯ ಗೋಕಾಕ ತಾಲ್ಲೂಕಿನಲ್ಲಿ ಘಟಪ್ರಭಾ ನದಿಯು ಧುಮುಕುವ ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್. ಅಷ್ಟು ಎತ್ತರದಿಂದ ಬೀಳಲು ಕಲ್ಲಿಗೆ √(2 × 52 ÷ 9.8) = 3.26 ಸೆಕೆಂಡು ಬೇಕು. ಸದ್ದು ಮೇಲೇರಲು 52 ÷ 346 = 0.15 ಸೆಕೆಂಡು ಬೇಕು. ಒಟ್ಟು 3.41 ಸೆಕೆಂಡು. ಜಲಪಾತದ ಮೊರೆತದಲ್ಲಿ ಕಲ್ಲಿನ ಸದ್ದು ಕೇಳುವಂತಿಲ್ಲ. ಇದು ಎತ್ತರದ ಅಂದಾಜು ಮೂಡಿಸಲು ಕೊಟ್ಟ ಉದಾಹರಣೆ ಮಾತ್ರ.

ಕಾಲ ತಿಳಿದಿದ್ದು ಆಳವನ್ನು ಕೇಳಿದಾಗ ಲೆಕ್ಕ ತಿರುವುಮುರುವಾಗುತ್ತದೆ. ಆಗ ಕ₁ ಆಗಲಿ ಕ₂ ಆಗಲಿ ಪ್ರತ್ಯೇಕವಾಗಿ ತಿಳಿದಿರುವುದಿಲ್ಲ, ಮೊತ್ತ ಮಾತ್ರ ತಿಳಿದಿರುತ್ತದೆ. ಕ₂ = ಕ − ಕ₁ ಎಂದು ಬರೆದು ಎರಡು ದೂರಗಳನ್ನು ಸಮೀಕರಿಸಿದರೆ:

½ × ಗ × ಕ₁² = ಶ × (ಕ − ಕ₁)

ಇದನ್ನು ಕ್ರಮಗೊಳಿಸಿದಾಗ ಕ₁ರಲ್ಲಿ ವರ್ಗ ಸಮೀಕರಣ ದೊರೆಯುತ್ತದೆ:

ಗ × ಕ₁² + 2 × ಶ × ಕ₁ − 2 × ಶ × ಕ = 0

ಇದರ ಧನಾತ್ಮಕ ಮೂಲ:

ಕ₁ = [√(ಶ² + 2 × ಗ × ಶ × ಕ) − ಶ] ÷ ಗ

ಕ₁ ದೊರೆತ ಬಳಿಕ ಆ = ½ × ಗ × ಕ₁² ಎಂಬುದರಿಂದ ಆಳವನ್ನು ಪಡೆಯಬಹುದು. ಆ = ಶ × (ಕ − ಕ₁) ಎಂಬುದರಿಂದಲೂ ಅದೇ ಉತ್ತರ ಬರಬೇಕು. ಎರಡನ್ನೂ ಹೋಲಿಸಿದರೆ ಲೆಕ್ಕದಲ್ಲಿನ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ.

ಬಿಡಿಸಿದ ಉದಾಹರಣೆ

ಒಂದು ತೆರೆದ ಬಾವಿಗೆ ಕಲ್ಲನ್ನು ಬಿಟ್ಟು 2.00 ಸೆಕೆಂಡುಗಳ ಬಳಿಕ ಸದ್ದು ಕೇಳಿತೆಂದು ಭಾವಿಸಿ, ಶಬ್ದದ ವೇಗವನ್ನು 346 ಮೀಟರ್/ಸೆಕೆಂಡ್ ಎಂದು ತೆಗೆದುಕೊಂಡರೆ:

ಶ² = 1,19,716
2 × ಗ × ಶ × ಕ = 2 × 9.8 × 346 × 2 = 13,563.2
ಮೊತ್ತ = 1,33,279.2; ಇದರ ವರ್ಗಮೂಲ = 365.07
ಕ₁ = (365.07 − 346) ÷ 9.8 = 1.946 ಸೆಕೆಂಡ್
ಕ₂ = 2.000 − 1.946 = 0.054 ಸೆಕೆಂಡ್
ಆ = 4.9 × 1.946² = 18.56 ಮೀಟರ್

ಅಂದರೆ ನೀರು ಸುಮಾರು 18.6 ಮೀಟರ್ (61 ಅಡಿ) ಕೆಳಗಿದೆ. ಶಬ್ದದ ಕಾಲವನ್ನು ಲೆಕ್ಕಿಸದಿದ್ದರೆ 19.6 ಮೀಟರ್ ಎಂಬ ಉತ್ತರ ಬರುತ್ತಿತ್ತು. ವ್ಯತ್ಯಾಸ ಸುಮಾರು ಒಂದು ಮೀಟರ್. ಸದ್ದು ತೆಗೆದುಕೊಂಡದ್ದು ಕೇವಲ 0.054 ಸೆಕೆಂಡಾದರೂ ವ್ಯತ್ಯಾಸ ಇಷ್ಟಾಗಲು ಕಾರಣವಿದೆ. ನೀರನ್ನು ಮುಟ್ಟುವ ಹೊತ್ತಿಗೆ ಕಲ್ಲು ಸೆಕೆಂಡಿಗೆ 19 ಮೀಟರ್ ವೇಗದಲ್ಲಿ ಚಲಿಸುತ್ತಿರುತ್ತದೆ. ಪತನದ ಕೊನೆಗೆ ತಪ್ಪಾಗಿ ಸೇರಿಸಿದ ಪ್ರತಿ ಕ್ಷಣವೂ ಈ ದೊಡ್ಡ ವೇಗದಿಂದ ಗುಣಿಸಲ್ಪಡುತ್ತದೆ.

ವರ್ಗ ಸಮೀಕರಣದ ಇನ್ನೊಂದು ಮೂಲ −72.6 ಸೆಕೆಂಡ್ ಆಗುತ್ತದೆ. ಕಲ್ಲನ್ನು ಬಿಡುವುದಕ್ಕೂ ಮೊದಲೇ ಅದು ನೀರಿಗೆ ಬಿದ್ದಿತೆಂಬ ಅರ್ಥ ಅದರಿಂದ ಹೊರಡುವುದರಿಂದ ಆ ಮೂಲವನ್ನು ಕೈಬಿಡಲಾಗುತ್ತದೆ. ಗಣಿತವು ಎರಡು ಉತ್ತರಗಳನ್ನು ಕೊಟ್ಟರೂ ಭೌತಿಕ ಸನ್ನಿವೇಶವು ಒಂದನ್ನೇ ಒಪ್ಪುತ್ತದೆ.

ಹಂತಹಂತವಾಗಿ ತಿದ್ದುವ ವಿಧಾನ

ವರ್ಗ ಸಮೀಕರಣವಿಲ್ಲದೆಯೂ ಉತ್ತರವನ್ನು ತಲುಪಬಹುದು. ಮೊದಲು ಶಬ್ದದ ಕಾಲವನ್ನು ಸೊನ್ನೆ ಎಂದು ಭಾವಿಸಿ ಆಳವನ್ನು ಅಂದಾಜು ಮಾಡಲಾಗುತ್ತದೆ. ಆ ಆಳಕ್ಕೆ ತಕ್ಕ ಶಬ್ದದ ಕಾಲವನ್ನು ಒಟ್ಟು ಕಾಲದಿಂದ ಕಳೆದು ಮತ್ತೆ ಆಳವನ್ನು ಲೆಕ್ಕಿಸಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ:

- ಮೊದಲ ಅಂದಾಜು: 19.60 ಮೀಟರ್, ಸದ್ದಿನ ಕಾಲ 0.0566 ಸೆಕೆಂಡ್
- ಎರಡನೆಯ ಅಂದಾಜು: 4.9 × 1.9434² = 18.51 ಮೀಟರ್, ಸದ್ದಿನ ಕಾಲ 0.0535 ಸೆಕೆಂಡ್
- ಮೂರನೆಯ ಅಂದಾಜು: 4.9 × 1.9465² = 18.57 ಮೀಟರ್
- ನಾಲ್ಕನೆಯ ಅಂದಾಜು: 18.56 ಮೀಟರ್

ಅಂದಾಜುಗಳು ನಿಜವಾದ ಬೆಲೆಯ ಮೇಲೊಮ್ಮೆ ಕೆಳಗೊಮ್ಮೆ ಬೀಳುತ್ತ ಶೀಘ್ರವಾಗಿ ಅದರತ್ತ ಸರಿಯುತ್ತವೆ. ಒಂದೇ ತಿದ್ದುಪಡಿಯಿಂದ ದೋಷವು ಒಂದು ಮೀಟರಿನಿಂದ ಸುಮಾರು ಆರು ಸೆಂಟಿಮೀಟರಿಗೆ ಇಳಿದಿರುವುದನ್ನು ಗಮನಿಸಬಹುದು.

ತಿದ್ದುಪಡಿಯ ಪ್ರಮಾಣ

ಕೆಳಗಿನ ಕೋಷ್ಟಕದಲ್ಲಿ ಗ = 9.8 ಮತ್ತು ಶ = 346 ಎಂದು ಇಟ್ಟುಕೊಂಡು ಗಾಳಿಯ ತಡೆಯನ್ನು ಬಿಟ್ಟು ಲೆಕ್ಕಿಸಿದ ಬೆಲೆಗಳಿವೆ.

| ಒಟ್ಟು ಕಾಲ (ಸೆಕೆಂಡ್) | ಶಬ್ದವನ್ನು ಲೆಕ್ಕಿಸದ ಆಳ (ಮೀಟರ್) | ಸರಿಯಾದ ಆಳ (ಮೀಟರ್) | ಹೆಚ್ಚುವರಿ (ಶೇಕಡಾ) |
|---|---|---|---|
| 1 | 4.9 | 4.77 | 2.8 |
| 2 | 19.6 | 18.56 | 5.6 |
| 3 | 44.1 | 40.7 | 8.3 |
| 4 | 78.4 | 70.6 | 11.0 |

ಈ ವ್ಯಾಪ್ತಿಯಲ್ಲಿ ಒಟ್ಟು ಕಾಲದ ಪ್ರತಿ ಸೆಕೆಂಡಿಗೆ ದೋಷವು ಸುಮಾರು ಶೇ. 2.8ರಷ್ಟು ಬೆಳೆಯುತ್ತದೆ. ಇದರಿಂದ ಒಂದು ಸರಳ ಅಂದಾಜು ಸೂತ್ರ ದೊರೆಯುತ್ತದೆ:

ಆ ≈ (½ × ಗ × ಕ²) ÷ (1 + ಗ × ಕ ÷ ಶ)

2 ಸೆಕೆಂಡಿಗೆ ಈ ಸೂತ್ರವು 18.55 ಮೀಟರ್ ಕೊಡುತ್ತದೆ. ಸರಿಯಾದ ಬೆಲೆಗೂ ಇದಕ್ಕೂ ಇರುವ ಅಂತರ ಒಂದೆರಡು ಸೆಂಟಿಮೀಟರ್ ಮಾತ್ರ.

ಇತರ ರೂಪಗಳು

ಕಲ್ಲನ್ನು ಸುಮ್ಮನೆ ಬಿಡದೆ ಕೆಳಮುಖವಾಗಿ 'ಉ' ಎಂಬ ಆರಂಭಿಕ ವೇಗದಿಂದ ಎಸೆದರೆ ಸಮೀಕರಣವು ಗ × ಕ₁² + 2 × (ಉ + ಶ) × ಕ₁ − 2 × ಶ × ಕ = 0 ಎಂದಾಗುತ್ತದೆ. ಮೇಲಕ್ಕೆಸೆದರೆ 'ಉ' ಋಣಾತ್ಮಕವಾಗುತ್ತದೆ. ಕಲ್ಲು ನೀರನ್ನು ಮುಟ್ಟುವುದನ್ನು ಕಣ್ಣಿನಿಂದ ನೋಡಿ ಗಡಿಯಾರವನ್ನು ನಿಲ್ಲಿಸಿದರೆ ಶಬ್ದದ ತಿದ್ದುಪಡಿ ಬೇಕಿಲ್ಲ. ಇಷ್ಟು ದೂರಕ್ಕೆ ಬೆಳಕಿನ ಪ್ರಯಾಣಕಾಲವು ನಗಣ್ಯವಾದುದು. ಪ್ರಶ್ನೆಯಲ್ಲಿ 'ಕೇಳಿತು' ಎಂದಿದೆಯೋ 'ಕಂಡಿತು' ಎಂದಿದೆಯೋ ಎಂಬುದನ್ನು ಮೊದಲು ಗಮನಿಸುವುದು ಈ ಕಾರಣದಿಂದ ಮುಖ್ಯ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಒಟ್ಟು ಕಾಲವನ್ನೇ ಪತನದ ಸೂತ್ರದಲ್ಲಿ ಇಡುವುದು.
- ಶಬ್ದಕ್ಕೂ ಗುರುತ್ವ ವೇಗೋತ್ಕರ್ಷವನ್ನು ಅನ್ವಯಿಸುವುದು.
- ಒಟ್ಟು ಕಾಲವನ್ನು ಅರ್ಧ ಮಾಡಿ ಇಳಿಯಲು ಒಂದು ಭಾಗ, ಏರಲು ಒಂದು ಭಾಗ ಎಂದು ಹಂಚುವುದು. ಹೋಗುವಾಗಲೂ ಬರುವಾಗಲೂ ಶಬ್ದವೇ ಚಲಿಸುವ ಪ್ರತಿಧ್ವನಿಯ ಲೆಕ್ಕದಲ್ಲಿ ಮಾತ್ರ ಇದು ಸರಿ.
- ಅಡಿ ಮತ್ತು ಮೀಟರುಗಳನ್ನು ಬೆರೆಸುವುದು. ಬಾವಿಯ ಆಳವನ್ನು ಜನರು ಅಡಿಗಳಲ್ಲಿಯೂ, ಹಿಂದೆ ಮಾರು ಹಾಗೂ ಆಳುಗಳಲ್ಲಿಯೂ ಹೇಳುವ ರೂಢಿಯಿದೆ. ಸೂತ್ರದಲ್ಲಿ 9.8 ಎಂದು ಬಳಸಿದರೆ ಉಳಿದೆಲ್ಲವೂ ಮೀಟರಿನಲ್ಲಿರಬೇಕು. ಅಡಿಗಳಲ್ಲಿ ಲೆಕ್ಕಿಸುವುದಾದರೆ ಗುರುತ್ವ ವೇಗೋತ್ಕರ್ಷ ಸುಮಾರು 32, ಶಬ್ದದ ವೇಗ ಸುಮಾರು 1,135 ಆಗುತ್ತದೆ.
- ಮಧ್ಯದ ಹಂತಗಳಲ್ಲಿ ಅಂಕೆಗಳನ್ನು ಬೇಗನೆ ಮೊಟಕುಗೊಳಿಸುವುದು. ಕ₁ ಎಂಬುದು ಎರಡು ದೊಡ್ಡ ಸಂಖ್ಯೆಗಳ ಸಣ್ಣ ವ್ಯತ್ಯಾಸದಿಂದ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ವರ್ಗಮೂಲವನ್ನು 365 ಎಂದಷ್ಟೇ ಬರೆದರೆ ಆಳದಲ್ಲಿ ಸುಮಾರು 14 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ.

ಚಿಕ್ಕೋಡಿ–ಅಥಣಿ ಪ್ರದೇಶದಲ್ಲಿ ಅನ್ವಯ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಮಹಾರಾಷ್ಟ್ರದ ಗಡಿಯ ಸಮೀಪದಲ್ಲಿವೆ. ನಿಪ್ಪಾಣಿಯು ಹಿಂದೆ ಚಿಕ್ಕೋಡಿ ತಾಲ್ಲೂಕಿಗೂ ಕಾಗವಾಡವು ಅಥಣಿ ತಾಲ್ಲೂಕಿಗೂ ಸೇರಿದ್ದವು. ಶಾಲಾ ಶಿಕ್ಷಣದ ಆಡಳಿತದಲ್ಲಿ ಈ ಐದೂ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳು ಈ ಭಾಗದಲ್ಲಿ ಹರಿಯುತ್ತವೆ. ನದಿಯ ದಡದ ಊರುಗಳಲ್ಲಿ ಕಬ್ಬಿನ ಬೆಳೆ ವ್ಯಾಪಕವಾಗಿದ್ದರೆ, ನದಿಯಿಂದ ದೂರವಿರುವ ಊರುಗಳು ಬಾವಿಗಳನ್ನೂ ಕೊಳವೆಬಾವಿಗಳನ್ನೂ ಹೆಚ್ಚು ಅವಲಂಬಿಸಿವೆ.

ಪ್ರದೇಶದ ಬಹುಭಾಗ ದಖ್ಖನ್ ಟ್ರ್ಯಾಪ್ ಎನ್ನುವ ಬಸಾಲ್ಟ್ ಶಿಲೆಯ ಮೇಲಿದೆ. ಈ ಗಟ್ಟಿ ಶಿಲೆಯಲ್ಲಿ ನೀರು ಮುಖ್ಯವಾಗಿ ಶಿಥಿಲಗೊಂಡ ಮೇಲ್ಪದರದಲ್ಲಿಯೂ ಬಿರುಕುಗಳಲ್ಲಿಯೂ ನಿಲ್ಲುತ್ತದೆ. ಆದ್ದರಿಂದ ನೀರಿನ ಮಟ್ಟವು ಮಳೆಗಾಲದ ಬಳಿಕ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ಕಲ್ಲಿನ ವಿಧಾನದಿಂದ ದೊರೆಯುವುದು ಬಾವಿಯ ಪೂರ್ಣ ಆಳವಲ್ಲ, ನೀರಿನ ಮೇಲ್ಮೈಯವರೆಗಿನ ಆಳ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಒಂದೇ ಬಾವಿಯಲ್ಲಿ ಕಾರ್ತಿಕದಲ್ಲಿಯೂ ವೈಶಾಖದಲ್ಲಿಯೂ ಅಳೆದರೆ ಬೇರೆಬೇರೆ ಉತ್ತರಗಳು ಬರಬಹುದು. ಎರಡರ ವ್ಯತ್ಯಾಸವೇ ನೀರಿನ ಇಳಿತವನ್ನು ತಿಳಿಸುತ್ತದೆ. ಶಬ್ದವನ್ನು ಲೆಕ್ಕಿಸದಿದ್ದರೆ ಆಳ ಹೆಚ್ಚಿದಂತೆ ದೋಷವೂ ಹೆಚ್ಚುವುದರಿಂದ, ಈ ಇಳಿತವೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಈ ತಾಲ್ಲೂಕುಗಳು ಸುಮಾರು 16.3ರಿಂದ 16.9 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇರುವುದರಿಂದ ಇಲ್ಲಿನ ಗುರುತ್ವ ವೇಗೋತ್ಕರ್ಷ 9.8ಕ್ಕಿಂತ ತುಸು ಕಡಿಮೆ, ಅಂದರೆ ಸುಮಾರು 9.78 ಮೀಟರ್/ಸೆಕೆಂಡ್² ಇದೆ. 2 ಸೆಕೆಂಡಿನ ಉದಾಹರಣೆಯಲ್ಲಿ ಇದರಿಂದಾಗುವ ವ್ಯತ್ಯಾಸ 3–4 ಸೆಂಟಿಮೀಟರ್ ಮಾತ್ರ. ಗಾಳಿಯ ಉಷ್ಣತೆ 25ರ ಬದಲು 40 ಡಿಗ್ರಿ ಇದ್ದರೆ ಆಗುವ ವ್ಯತ್ಯಾಸವೂ 2–3 ಸೆಂಟಿಮೀಟರ್ ಮಾತ್ರ. ಇವೆರಡೂ ಸಾಮಾನ್ಯ ಅಳತೆಯಲ್ಲಿ ಗಣನೆಗೆ ಬರುವುದಿಲ್ಲ.

ನಿಖರತೆ ಮತ್ತು ಮಿತಿಗಳು

ಈ ವಿಧಾನದ ದೊಡ್ಡ ದೋಷ ಕಾಲವನ್ನು ಅಳೆಯುವಲ್ಲಿ ಉಂಟಾಗುತ್ತದೆ. 2 ಸೆಕೆಂಡಿನ ಉದಾಹರಣೆಯಲ್ಲಿ ಗಡಿಯಾರವನ್ನು ನಿಲ್ಲಿಸುವುದರಲ್ಲಿ 0.1 ಸೆಕೆಂಡಿನ ತಪ್ಪಾದರೆ ಆಳದಲ್ಲಿ ಸುಮಾರು 1.8 ಮೀಟರ್ ವ್ಯತ್ಯಾಸವಾಗುತ್ತದೆ. ಸದ್ದು ಕೇಳಿ ಬೆರಳು ಒತ್ತುವುದಕ್ಕೆ ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕಾಗುತ್ತದೆ. ಹೀಗಾಗಿ ಕೈಗಡಿಯಾರದಿಂದ ಒಮ್ಮೆ ಮಾತ್ರ ಅಳೆದಾಗ ಶಬ್ದದ ತಿದ್ದುಪಡಿಯು ಅಳತೆಯ ದೋಷದಲ್ಲಿಯೇ ಮುಚ್ಚಿಹೋಗಬಹುದು. ಮೊಬೈಲಿನಲ್ಲಿ ಸೆಕೆಂಡಿಗೆ 30 ಚಿತ್ರಗಳ ವಿಡಿಯೊ ತೆಗೆದು, ಕಲ್ಲು ಕೈಬಿಟ್ಟ ಚಿತ್ರವನ್ನೂ ಸದ್ದು ದಾಖಲಾದ ಕ್ಷಣವನ್ನೂ ಗುರುತಿಸಿದರೆ ದೋಷವು ಸುಮಾರು 0.6 ಮೀಟರಿಗೆ ಇಳಿಯುತ್ತದೆ. ತಿದ್ದುಪಡಿಯು ನಿಜವಾಗಿ ಅರ್ಥಪೂರ್ಣವಾಗುವುದು ಇಂತಹ ಅಳತೆಯಲ್ಲಿ. ಹಲವು ಬಾರಿ ಅಳೆದು ಸರಾಸರಿ ತೆಗೆಯುವುದೂ ಸಹಾಯಕ.

ಎರಡನೆಯ ಮಿತಿ ಗಾಳಿಯ ತಡೆ. ಸುಮಾರು 5 ಸೆಂಟಿಮೀಟರ್ ವ್ಯಾಸದ ದುಂಡು ಕಲ್ಲಿಗೆ 2 ಸೆಕೆಂಡಿನ ಪತನದಲ್ಲಿ ಗಾಳಿಯ ತಡೆಯಿಂದಾಗುವ ವ್ಯತ್ಯಾಸ ಒಂದು ಮೀಟರಿನ ಮೂರನೆಯ ಒಂದು ಭಾಗದಷ್ಟು. 70 ಮೀಟರ್ ಆಳದಲ್ಲಿ ಅದು ಹಲವು ಮೀಟರುಗಳಾಗಿ ಶಬ್ದದ ತಿದ್ದುಪಡಿಗೆ ಸಮೀಪಿಸುತ್ತದೆ. ಎರಡೂ ದೋಷಗಳು ಒಂದೇ ದಿಕ್ಕಿನವು. ಎರಡನ್ನೂ ಬಿಟ್ಟರೆ ಬಾವಿ ಇನ್ನಷ್ಟು ಆಳವಾಗಿ ತೋರುತ್ತದೆ. ಸುಮಾರು 253 ಮೀಟರ್ ಎತ್ತರದ ಜೋಗ ಜಲಪಾತದಂತಹ ಎತ್ತರಗಳಿಗೆ ಮುಕ್ತ ಪತನದ ಸೂತ್ರವನ್ನು ನೇರವಾಗಿ ಅನ್ವಯಿಸುವುದು ಪಠ್ಯದ ಅಭ್ಯಾಸವಾಗಬಹುದೇ ಹೊರತು ಅಳತೆಯಾಗಲಾರದು.

ಕೊಳವೆಬಾವಿಗಳು ಮತ್ತು ಸುರಕ್ಷತೆ

ಈ ಲೆಕ್ಕವು ಅಗಲವಾದ ತೆರೆದ ಬಾವಿಗೆ ಹೊಂದುತ್ತದೆ, ಕೊಳವೆಬಾವಿಗೆ ಹೊಂದುವುದಿಲ್ಲ. ಗೇಣಗಲದ ಕಿರಿದಾದ ಕೊಳವೆಯಲ್ಲಿ ಕಲ್ಲು ಗೋಡೆಗೆ ತಾಗುತ್ತ ಇಳಿಯುವುದರಿಂದ ಅದರ ಚಲನೆ ಮುಕ್ತ ಪತನವಾಗಿ ಉಳಿಯುವುದಿಲ್ಲ. ಜೊತೆಗೆ ಕಲ್ಲು ಪಂಪು ಹಾಗೂ ಪೈಪುಗಳನ್ನು ಕೆಡಿಸಬಹುದು. ಅಲ್ಲಿ ನೀರಿನ ಮಟ್ಟವನ್ನು ಅಳತೆಪಟ್ಟಿ ಇಳಿಬಿಟ್ಟು, ನೀರನ್ನು ಮುಟ್ಟಿದೊಡನೆ ಸದ್ದು ಅಥವಾ ದೀಪದಿಂದ ಸೂಚಿಸುವ ವಿದ್ಯುತ್ ಟೇಪಿನಿಂದ ಅಳೆಯಲಾಗುತ್ತದೆ. ಶಬ್ದವನ್ನು ಕಳುಹಿಸಿ ಪ್ರತಿಧ್ವನಿಯ ಕಾಲವನ್ನು ಅಳೆಯುವ ಉಪಕರಣಗಳೂ ಇವೆ. ಅವುಗಳಲ್ಲಿ ಆಳವು ಶಬ್ದದ ವೇಗ ಮತ್ತು ಕಾಲದ ಗುಣಲಬ್ಧದ ಅರ್ಧದಷ್ಟಿರುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯು ದೇಶದಾದ್ಯಂತ ತನ್ನ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಬಾರಿ ನೀರಿನ ಮಟ್ಟವನ್ನು ದಾಖಲಿಸುತ್ತದೆ.

ಮುಚ್ಚದ ಕೊಳವೆಬಾವಿಗಳ ಬಳಿ ಇಂತಹ ಪ್ರಯೋಗ ಮಾಡುವುದು ಅಪಾಯಕಾರಿ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡ ಗ್ರಾಮದಲ್ಲಿ ಆರು ವರ್ಷದ ಬಾಲಕಿಯೊಬ್ಬಳು ತೆರೆದ ಕೊಳವೆಬಾವಿಗೆ ಬಿದ್ದಳು. ಎರಡು ದಿನಗಳಿಗೂ ಮೀರಿ ನಡೆದ ರಕ್ಷಣಾ ಕಾರ್ಯಾಚರಣೆಯ ಬಳಿಕವೂ ಆಕೆ ಬದುಕುಳಿಯಲಿಲ್ಲ. ಇಂತಹ ದುರಂತಗಳನ್ನು ತಡೆಯಲು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಮಾರ್ಗಸೂಚಿಗಳನ್ನು ನೀಡಿತ್ತು. ಕೊರೆಯುವ ಸ್ಥಳದ ಸುತ್ತ ಬೇಲಿ, ಸೂಚನಾ ಫಲಕ, ಕೊಳವೆಯ ಬಾಯಿಗೆ ಭದ್ರವಾದ ಮುಚ್ಚಳ, ಕೈಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬುವುದು ಇವು ಅವುಗಳಲ್ಲಿ ಮುಖ್ಯವಾದವು.

ತೆರೆದ ಬಾವಿಯಲ್ಲಿ ಪ್ರಯೋಗ ಮಾಡುವಾಗಲೂ ಕಟ್ಟೆಯಿರುವ ಬಾವಿಯನ್ನೇ ಆರಿಸಿಕೊಂಡು, ಹಿರಿಯರ ಸಮ್ಮುಖದಲ್ಲಿ, ಒಳಗೆ ಬಾಗದೆ ಕೈಚಾಚಿ ಕಲ್ಲನ್ನು ಬಿಡಬೇಕು. ಬಾವಿಯಲ್ಲಿ ಯಾರೂ ಇಳಿದಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಕುಡಿಯುವ ನೀರಿನ ಬಾವಿಯನ್ನು ಬಳಸಬಾರದು. ಶಾಲೆಗಳಲ್ಲಿ ಇದೇ ತತ್ವವನ್ನು ಮಹಡಿಯ ಎತ್ತರದಿಂದ, ಕೆಳಗೆ ಇಟ್ಟ ತಗಡಿನ ಮೇಲೆ ಸಣ್ಣ ಗೋಲಿಯನ್ನು ಬೀಳಿಸಿ ತೋರಿಸಬಹುದು. ಅಲ್ಲಿ ಎತ್ತರವನ್ನು ಟೇಪಿನಿಂದ ಅಳೆದು ಲೆಕ್ಕದ ಉತ್ತರವನ್ನು ತಾಳೆ ನೋಡಲು ಸಾಧ್ಯವಾಗುತ್ತದೆ.

ಇವನ್ನೂ ನೋಡಿ

- ಮುಕ್ತ ಪತನ
- ಗುರುತ್ವ ವೇಗೋತ್ಕರ್ಷ
- ಶಬ್ದದ ವೇಗ
- ಪ್ರತಿಧ್ವನಿ
- ವರ್ಗ ಸಮೀಕರಣ
- ಅಂತರ್ಜಲ